ಪೆಟ್ವೇ ಯಾರು?

ಲೂಷಿಯಸ್ ಪೆಟ್ವೇಯ ಮಾನ ಹರಾಜಾದದ್ದು ಒಂದು ರಟ್ಟಿನ ತುಂಡಿನಿಂದ. ಬೆಲ್‌ವಾಟರ್ ಕಾನೂನು ಕಾಲೇಜಿನಲ್ಲಿ ಪ್ರತಿಯೊಬ್ಬರೂ ತಮ್ಮ ಹೆಸರು ಬರೆದ ರಟ್ಟನ್ನು ಮಡಚಿ ಮೇಜಿನ ಮೇಲೆ ನಿಲ್ಲಿಸಬೇಕು. ಮೇಷ್ಟ್ರು ಅದನ್ನು ನೋಡಿ ಯಾರದ್ದಾದರೂ ಹೆಸರು ಕೂಗುತ್ತಾರೆ. ಆತ ಎದ್ದು, ಓದಿಕೊಂಡು ಬಂದ ಮೊಕದ್ದಮೆಯನ್ನು ವಿವರಿಸಬೇಕು. ಅಂದು ಲೂಷಿಯಸ್ ಓದಿರಲಿಲ್ಲ.

ಕಾರಣವೇನೋ ಘನವಾದದ್ದೇ. ಹೊಸದಾಗಿ ಪ್ರವೇಶ ಸಿಕ್ಕವರು ಕಾಲೇಜು ನೋಡಿ ಹೋಗಲು ಬರುವ ದಿನ ಅದು. ಕಪ್ಪು ಜನಾಂಗದ ಕಾನೂನು ವಿದ್ಯಾರ್ಥಿಗಳ ಸಂಘದ ಸ್ವಾಗತ ಕಾರ್ಯದರ್ಶಿ ಲೂಷಿಯಸ್. ಹಿಂದಿನ ದಿನವಿಡೀ ಅವನು ಜೋಳದ ಬ್ರೆಡ್ ಬೇಯಿಸಿದ್ದ, ಸೀನಿಯರ್‌ಗಳ ನೋಟ್ಸ್ ಜೋಡಿಸಿದ್ದ, ಸಂದರ್ಶನಕ್ಕೆಂದು ಸಂಘ ಎರವಲು ಕೊಡುವ ಕೋಟುಗಳಿಗೆ ಇಸ್ತ್ರಿ ಹಾಕಿದ್ದ.

"ಹೋದ ವರ್ಷ ಬಂದ ಮೂವರೂ ಬೇರೆ ಕಾಲೇಜಿಗೆ ಹಾರಿದ್ರಂತೆ. ಈ ವರ್ಷ ಪ್ರವೇಶ ಸಿಕ್ಕಿರೋ ಮಲಕೈ ಗ್ರೇವ್ಸ್ ಮಾತ್ರ ಇಲ್ಲಿಗೇ ಬರ್ತಾನೆ. ಬರ್ಲಿಲ್ಲ ಅಂದ್ರೆ ನಾನು ಈ ಹುದ್ದೆ ಬಿಡ್ತೀನಿ!" ಎಂದು ಸಭೆಯಲ್ಲಿ ಎದೆ ತಟ್ಟಿಯೂ ಆಗಿತ್ತು.

ಮಲಕೈ ಬಂದ; ಬ್ರೆಡ್ ತಿಂದ; ನಕ್ಕ. ಆದರೆ ಹೂಂ ಎನ್ನಲಿಲ್ಲ. ಸಂಘದ ಅಧ್ಯಕ್ಷೆ ಒಡೆಟ್ ಬಾಯಿಕಿನ್ ಲೂಷಿಯಸ್‌ನನ್ನು ಪಕ್ಕಕ್ಕೆ ಎಳೆದಳು.

"ಇವನನ್ನ ನಿನ್ನ ಕ್ಲಾಸಿಗೆ ಕರ್ಕೊಂಡ್ ಹೋಗೋ. ನಮ್ಮೋರ ಜಾಣತನ ಕಣ್ಣಾರೆ ನೋಡ್ಲಿ."

"ಇವತ್ತೇನಾ ಅಕ್ಕ?"

"ಇನ್ಯಾವತ್ತು, ಅವನು ಮನೆಗೆ ಹೋದ್ಮೇಲಾ?"

ದಾರಿಯಲ್ಲಿ ಸಹಪಾಠಿ ಆರ್ಲೊ ಬಿಬ್ ಸಿಕ್ಕ. ಆರಡಿ ಎತ್ತರ, ಎದೆಗಿಳಿದ ಗಡ್ಡ. ಕನ್ನಡಕದ ಕುಳ್ಳ ಲೂಷಿಯಸ್‌ಗೂ ಅವನಿಗೂ ಇರುವ ಹೋಲಿಕೆ ಒಂಟೆಗೂ ಮೊಲಕ್ಕೂ ಇರುವಷ್ಟೇ. ಆದರೂ ಬಿಳಿ ಮೇಷ್ಟ್ರು ಹಾರ್ಗ್ರೋವ್ ವರ್ಷವಿಡೀ ಲೂಷಿಯಸ್‌ನನ್ನು ಬಿಬ್ ಎಂದೂ ಆರ್ಲೊನನ್ನು ಪೆಟ್ವೇ ಎಂದೂ ಕರೆಯುತ್ತ ಬಂದಿದ್ದರು. ಅದಕ್ಕಾಗಿ ಲೂಷಿಯಸ್‌ಗೆ ಎಷ್ಟೋ ಸಲ ಮೈ ಉರಿದದ್ದುಂಟು. ಇವತ್ತು ಉಪಯೋಗಕ್ಕೆ ಬಂದೀತು ಅನ್ನಿಸಿತು.

"ಓದಿಲ್ಲ ಅಂತ ಯೋಚ್ನೆ ಯಾಕೋ?" ಎಂದ ಆರ್ಲೊ. "ನಿನ್ನ ರಟ್ಟು ಮಲಕೈ ಮುಂದೆ ಇಡು. ನೀನು ಹಿಂದೆ ಕೂತ್ಕೊ. ಆಯಪ್ಪಂಗೆ ನಾವೆಲ್ಲ ಒಂದೇ."

"ಇವತ್ತಿನ ಮೊಕದ್ದಮೆ ಓದಿದೀಯೇನಪ್ಪ?" ಎಂದು ಲೂಷಿಯಸ್ ಮಲಕೈಯನ್ನು ಕೇಳಿದ.

"ಎರಡು ಸಲ ಓದಿದೀನಿ ಅಣ್ಣ. ನೀವು ಕಳಿಸಿದ ಆಹ್ವಾನದ ಕಾಗದದಲ್ಲಿ ತಿಳಿಸಿದ್ರಲ್ಲ."

ಲೂಷಿಯಸ್‌ಗೆ ಹೋದ ಜೀವ ಬಂದಂತಾಯಿತು. ಕನ್ನಡಕ ತೆಗೆದು ಜೇಬಿಗಿಳಿಸಿ, ಕೊನೆಯ ಸಾಲಿನ ಕಂಬದ ಹಿಂದೆ ರಾಜನಂತೆ ಕೂತ.

"ಮಿಸ್ಟರ್ ಪೆಟ್ವೇ!" ಎಂದರು ಹಾರ್ಗ್ರೋವ್.

ಮಲಕೈ ಎದ್ದ. ಗೊಡ್ಡೆಂದು ನಂಬಿ ಅಗ್ಗಕ್ಕೆ ಮಾರಿದ ಹಸು ಗಬ್ಬವಾಗಿದ್ದುದು, ಮಾರಿದವನು ಕೊಡೆನೆಂದು ಹಟ ಹಿಡಿದದ್ದು, ಇಬ್ಬರೂ ತಪ್ಪು ತಿಳಿದಿದ್ದರೆ ಒಪ್ಪಂದ ನಿಲ್ಲುತ್ತದೆಯೇ ಎಂಬುದು, ಎಲ್ಲವನ್ನೂ ನೀರು ಕುಡಿದಷ್ಟು ಸಲೀಸಾಗಿ ಹೇಳಿದ. ತರಗತಿ ತಲೆದೂಗಿತು. ತನ್ನ ಹೆಸರಿಗೆ ಬಂದ ಕೀರ್ತಿಗೆ ಲೂಷಿಯಸ್‌ನ ಎದೆ ಉಬ್ಬಿತು.

"ಬಹಳ ಚೆನ್ನಾಗಿದೆ," ಎಂದರು ಹಾರ್ಗ್ರೋವ್. "ಆದರೆ ನೀವು ಪೆಟ್ವೇ ಅಲ್ಲ. ಪೆಟ್ವೇ ಅವರು ಕಂಬದ ಹಿಂದೆ ಕನ್ನಡಕ ತೆಗೆದು ಕೂತಿದ್ದಾರೆ. ನಾನು ನಿಮ್ಮ ಹೆಸರುಗಳನ್ನ ಅದಲುಬದಲು ಮಾಡ್ತೀನಿ ಅಂತ ನಿಮ್ಮ ಸಂಘದೋರು ಹೋದ ತಿಂಗಳು ನನಗೊಂದು ಕಾಗದ ಬರೆದಿದ್ರು. ಓದಿ ನಾಚಿಕೆಯಾಯ್ತು. ಮೂರು ವಾರ ನಿಮ್ಮೆಲ್ಲರ ಫೋಟೋ ಇಟ್ಕೊಂಡು ಬಾಯಿಪಾಠ ಮಾಡಿದೆ. ಕಾಗದ ಬರೆದೋರು ನೀವೇ ಅಂತೆ, ಪೆಟ್ವೇ. ಏಳಿ. ಆ ಹಸು ಏನಾಗಿತ್ತು?"

ಆ ಕಾಗದ ಬರೆದದ್ದನ್ನೇ ಲೂಷಿಯಸ್ ಮರೆತಿದ್ದ. ಮಲಕೈ ಹೇಳುವಾಗ ಕೀರ್ತಿಯ ಗುಂಗಿನಲ್ಲಿ ಒಂದು ಮಾತೂ ಕಿವಿಗೆ ಬಿದ್ದಿರಲಿಲ್ಲ.

"ಸತ್ತೋಗಿತ್ತು ಸರ್," ಎಂದ.

ನಗು ಸೂರು ಹಾರಿಸಿತು. ಗಂಟೆ ಹೊಡೆದಾಗ ಲೂಷಿಯಸ್ ಮನಸ್ಸಿನಲ್ಲೇ ರಾಜೀನಾಮೆ ಬರೆಯುತ್ತ ಹೊರಬಂದ. ಬಾಗಿಲಲ್ಲಿ ಒಡೆಟ್ ಕಾದಿದ್ದಳು.

"ನಾನು ಇಲ್ಲಿಗೇ ಸೇರ್ತೀನಿ ಅಕ್ಕ," ಎಂದ ಮಲಕೈ. "ನಿನ್ನೆ ನೋಡಿದ ಕಾಲೇಜಲ್ಲಿ ಸಂಜೆವರೆಗೂ ಒಬ್ರೂ ನನ್ನ ಹೆಸರು ಸರಿಯಾಗಿ ಹೇಳ್ಲಿಲ್ಲ. ಇಲ್ಲಿ ಕಂಬದ ಹಿಂದೆ ಇದ್ರೂ ಗುರ್ತು ಹಿಡೀತಾರೆ. ಅದು ನಿಮ್ಮ ಸಂಘದಿಂದ ಆದದ್ದು."

ಒಡೆಟ್ ಲೂಷಿಯಸ್‌ನನ್ನು ಬಾಚಿ ತಬ್ಬಿಕೊಂಡಳು. "ಗೆದ್ದೆ ಕಣೋ! ಮಲಕೈ, ಬರೋ ವರ್ಷ ಪಾಠಕ್ಕೆ, ಪರೀಕ್ಷೆಗೆ, ಎಲ್ಲದಕ್ಕೂ ನಿನಗೆ ನಮ್ಮ ಲೂಷಿಯಸ್ಸೇ ಮಾರ್ಗದರ್ಶಿ!"

ಮಲಕೈ ನೆಲ ನೋಡುತ್ತ ತಲೆ ಕೆರೆದುಕೊಂಡ.

"ಅದೊಂದು ಬಿಟ್ಟು ಅಕ್ಕ. ಹಸು ಬದುಕಿದೆ ಅಂತ ಗೊತ್ತಿರೋರು ಯಾರನ್ನಾದ್ರೂ ಕೊಡ್ತೀರಾ?"