ಹಗೇವಿನೊಳಗಿನವನಿಗೆ ಯಾವ ಗುಂಡು?

ಸೀರೆ ಬೇಕು, ಬಳೆ ಬೇಕು ಎಂದು ಹೆಂಡತಿ ಗಡುವು ಕೊಡುವುದು ಲೋಕರೂಢಿ. ನನ್ನ ಹೆಂಡತಿ ಗದ್ದೆಮ್ಮ ಕೊಟ್ಟ ಗಡುವೇ ಬೇರೆ: "ಬರೋ ಅಮಾಸಿ ಒಳಗ ನಮ್ಮ ಹಗೇವಿನ್ಯಾಗ ಉಸುರು ಬಿಡಾವನ್ನ ಎಬ್ಬಿಸಿ ಕಳಸ್ರಿ. ಇಲ್ಲಾಂದ್ರ ನಾ ಮುದಗಲ್ಲಿಗೆ ತಂಗಿ ಮನಿಗೆ ಹೋಗ್ತೀನಿ."

ಎಪ್ಪತ್ತೊಂದರ ಪ್ರಾಯದಲ್ಲಿ ಅಂಬಪ್ಪನೆಂಬ ಈ ವಿದ್ವಾಂಸನಿಗೆ ಬಂದ ಕಷ್ಟ ನೋಡಿ. (ಶಾಲೆ ಕಂಡದ್ದು ನಾಲ್ಕನೆಯ ತರಗತಿಯವರೆಗೆ. ಮಿಕ್ಕ ವಿದ್ಯೆಯೆಲ್ಲ ಸ್ವಯಾರ್ಜಿತ. ಅದರಲ್ಲಿ ಅಣ್ಣತಮ್ಮಂದಿರಿಗೂ ಪಾಲಿಲ್ಲ.) ಅವಳು ಹೋದರೆ ರೊಟ್ಟಿ ಬಡಿಯುವವರು ಯಾರು ಎಂಬುದು ಚಿಕ್ಕ ಪ್ರಶ್ನೆ. ಹಗಲೆಲ್ಲ ಆ ಉಸಿರಿನ ಜೊತೆ ಒಬ್ಬನೇ ಕೂರುವವನು ಯಾರು ಎಂಬುದು ದೊಡ್ಡ ಪ್ರಶ್ನೆ.

ವಳಕಮದಿನ್ನಿಯ ನಮ್ಮ ಮನೆಯ ಅಂಗಳದಲ್ಲಿ ಒಂದು ಹಗೇವು ಇದೆ. ಜೋಳ ತುಂಬಿಡಲು ಹಿರಿಯರು ತೋಡಿಸಿದ, ಎರಡಾಳು ಆಳದ ನೆಲಗುಂಡಿ. ಕಾಲುವೆ ಬಂತು, ಜೋಳ ಹೋಗಿ ಭತ್ತ ಬಂತು, ಹಗೇವಿನ ಬಾಯಿಗೆ ಬಂಡೆ ಎಳೆದು ಮಣ್ಣು ಮೆತ್ತಿಸಿದರು ನಮ್ಮಪ್ಪ. ಅವರು ತೀರಿಕೊಂಡೇ ಮೂವತ್ತು ವರ್ಷವಾಯಿತು. ಹಗೇವು ತುಂಬಿರುತ್ತಿದ್ದ ಕಾಲದಲ್ಲಿ ಒಳಗಿನಿಂದ ಜೋಳದ ಪುಟ್ಟಿ ಮೇಲೆ ಬಂದಂತೆಲ್ಲ ಬಾಯಿಯ ಬಳಿ ಕುಳಿತು "ಹೂಂ" ಎನ್ನುತ್ತಿದ್ದರು. ಪುಟ್ಟಿಗೊಂದು ಹೂಂ. ಅಷ್ಟು ಬಿಟ್ಟರೆ ಆ ಮನುಷ್ಯ ಬಾಯಿ ಬಿಚ್ಚಿದ್ದೇ ಅಪರೂಪ.

ಈ ಮಾರ್ಚಿನಲ್ಲಿ, ಬೇಸಿಗೆ ಬೆಳೆಗೆ ಕಾಲುವೆಯ ಕಡೆಯ ನೀರು ಹರಿಯುತ್ತಿದ್ದಾಗ, ಮಟಮಟ ಮಧ್ಯಾಹ್ನ. ಮಗ ಆನಂದಕುಮಾರ, ಸೊಸೆ ಜ್ಯೋತಿ ಇಬ್ಬರೂ ಸಿಂಧನೂರಿಗೆ ನೌಕರಿಗೆ ಹೋಗಿದ್ದರು. ಬಿಸಿಲಿಗೆ ಊರು ಸತ್ತಂತೆ ಬಿದ್ದಿತ್ತು. ಆಗ ಬಂಡೆಯ ಸಂದಿಯಿಂದ ಬಂತು: "ಹೂಂ..."

ಗದ್ದೆಮ್ಮನ ಕೈಯ ಮೊರ ಜಾರಿತು. ನಮ್ಮ ನಾಯಿ ಎದ್ದು ಹೋಗಿ ಬಂಡೆಯ ಮುಂದೆ ಬಾಲ ಅಲ್ಲಾಡಿಸಿತು. (ಆರು ವರ್ಷದಿಂದ ಅನ್ನ ಹಾಕುವ ನನ್ನನ್ನು ಕಂಡರೆ ಅದು ಇವತ್ತಿಗೂ ಬೊಗಳುತ್ತದೆ.) ಗದ್ದೆಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಮಾವಾರು," ಎಂದಳು.

"ಹುಚ್ಚ ಹಿಡದೈತೇನ? ಯಾವನೋ ಕಳ್ಳ ಇರಬೇಕು."

"ಕಳ್ಳ ಬಂಡಿ ಮುಚ್ಚಗೊಂಡು, ಮ್ಯಾಲ ತಾನ ಮಣ್ಣ ಮೆತ್ತಿಗೊಂಡು ಒಳಗ ಕುಂತಾನೇನ್ರೀ?"

ಉತ್ತರವಿಲ್ಲದ ಗಂಡಸು ಆಯುಧ ಹುಡುಕುತ್ತಾನೆ. ಬಹುಕಾಲ ಮುಚ್ಚಿದ ಹಗೇವಿನ ಗಾಳಿ ವಿಷ. ಹಣಿಕಿ ಹಾಕಿದವನು ಎದ್ದು ಬರುವುದಿಲ್ಲ ಎಂಬುದು ನಮ್ಮ ಕಡೆ ಕೂಸಿಗೂ ಗೊತ್ತು. ಹಾಗಾಗಿ ಬಂಡೆ ಸರಿಸುವಂತಿಲ್ಲ. ಸಂದಿಯಿಂದಲೇ ಕೆಲಸ ಮುಗಿಯಬೇಕು. ಸಂದಿಗೆ ಹೊಂದುವುದು ರಿವಾಲ್ವರ್ ಒಂದೇ!

ಮರುದಿನವೇ ಮಸ್ಕಿ ಮೇಲೆ ಹಾಯುವ ಬಸ್ಸು ಹಿಡಿದು ಲಿಂಗಸುಗೂರಿಗೆ ದಂಡಯಾತ್ರೆ ಹೊರಟೆ. ಅಲ್ಲಿ ಬಂದೂಕು, ಕಾಡತೂಸಿನ ಅಂಗಡಿ ಇಟ್ಟ ಮುಕ್ತಿಯಾರ್ ನನ್ನ ಹಳೆಯ ಪರಿಚಯ.

"ಲೈಸೆನ್ಸ್ ಐತೇನ್ ಕಾಕಾ?"

"ಮೊದ್ಲು ಗುಂಡು ಯಾವ್ದಂತ ತೀರ್ಮಾನ ಆಗ್ಲಿ. ಕನ್ಯಾ ನೋಡದ ಹಂದರ ಹಾಕ್ತಾರೇನ?"

ಅವನು ನಗುತ್ತ ಎರಡು ಖಾಲಿ ಕಾಡತೂಸು ತೆಗೆದು ಗಾಜಿನ ಮೇಲೆ ನಿಲ್ಲಿಸಿದ. "ಇದು ಬಾಯೀಸ್ ಬೋರ್, ಇಪ್ಪತ್ತೆರಡರದು. ಇದು ಬತ್ತೀಸ್, ಮೂವತ್ತೆರಡರದು. ಬಾಯೀಸ್ ಸಣ್ಣದು, ಸಪ್ಪಳ ಕಮ್ಮಿ, ನಿಮ್ಮಂಥ ಹಿರ್‍ಯಾರ ಕೈ ಜಗ್ಗಂಗಿಲ್ಲ. ಬತ್ತೀಸಿಗೆ ಜೋರ್ ಬಾಳ. ಹೊಡಿಯೂದು ಯಾವುದಕ್ಕ? ಹಂದಿಗೇನು?"

"ಹಂದಿ ಅಲ್ಲ."

"ಮತ್ತ? ತೂಕ ಎಷ್ಟಿರಬೌದು?"

"ತೂಕ ಗೊತ್ತಿಲ್ಲಪಾ. ಉಸುರಷ್ಟ ಐತಿ."

ಮುಕ್ತಿಯಾರ್ ನನ್ನ ಮುಖವನ್ನೇ ನೋಡುತ್ತ ಎರಡೂ ಕಾಡತೂಸನ್ನು ಮೆಲ್ಲಗೆ ಒಳಗೆ ಸರಿಸಿಕೊಂಡ. "ಹಂಗಾರ ಆ ಉಸುರಿನ ಅಳತಿ ತಗೊಂಡ್ ಬರ್ರಿ ಕಾಕಾ. ಆಮ್ಯಾಲ ಬೋರ್ ಹೇಳ್ತೀನಿ."

ಅವನು ಚೇಷ್ಟೆಗೆ ಹೇಳಿದ. ನಾನು ಅದನ್ನು ಶಾಸ್ತ್ರವೆಂದು ತೆಗೆದುಕೊಂಡೆ.

ಸಂಜೆ, ವಿಜ್ಞಾನ ಕಲಿಸುವ ಸೊಸೆ ಜ್ಯೋತಿ ಬಂದವಳು ಎಲ್ಲ ಕೇಳಿ ನಕ್ಕಳು. "ಮಾವ, ಕಾಲುವಿ ನೀರು ನೆಲದಾಗ ಬಸದು ಹಗೇವಿನ ತಳಕ್ಕ ಏರತೈತಿ. ಒಳಗಿನ ಗಾಳಿ ಮ್ಯಾಲ ದಬ್ಬಿಸ್ಕೊಂಡು ಹೊರಗ ಬರತೈತಿ. ಅಷ್ಟ." ಹುಡುಗಿಯ ಮಾತು ತೂಕದ್ದೇ. ಆದರೆ ಅಳತೆಗೆ ಅಡ್ಡಿಯೇನು?

ಮರುದಿನ ಮಧ್ಯಾಹ್ನ ಬಂಡೆಯ ಸಂದಿಗೆ ಒಂದು ಹಿಡಿ ಭತ್ತದ ಹೊಟ್ಟು ಸುರಿದು, ಅಂಗಾತವಲ್ಲ, ಬೋರಲು ಮಲಗಿದೆ. ಹೊಟ್ಟು ಒಂದು ಗೇಣು ಹಾರಿದರೆ ಬಾಯೀಸ್, ಗೇಣು ದಾಟಿದರೆ ಬತ್ತೀಸ್. ಮೊದಲ ದಿನ ಸರಿಯಾಗಿ ಒಂದು ಗೇಣು. ಎರಡನೆಯ ದಿನ ಗೇಣಿನ ಮೇಲೆ ನಾಲ್ಕು ಬೆರಳು. ಗದ್ದೆಮ್ಮ ಹೊಸ್ತಿಲ ಮೇಲಿಂದ, "ನಮ್ಮ ಲಗ್ನದಾಗ ನಿಮ್ಮ ಅಂಗಿ ಹೊಲಸಾಕ ಇಷ್ಟ ಅಳತಿ ತಗದಿದ್ದಿಲ್ಲ," ಎಂದಳು.

ಮೂರನೆಯ ದಿನ ಹೊಟ್ಟು ಹಾರಲಿಲ್ಲ. ಗೇಣು ಚಾಚಿಕೊಂಡು ಕಾದೆ. ಒಂದು ಹೊಟ್ಟು ಅಲುಗಿತು. ಆಮೇಲೆ ಇನ್ನೊಂದು. ಇರುವೆ ಸಾಲಿನ ಹಾಗೆ, ಒಂದರ ಹಿಂದೊಂದು, ಅವು ಸಂದಿಯ ಒಳಗೆ ಹೋದವು. ಕಡೆಯ ಹೊಟ್ಟು ಮಾಯವಾದ ಮೇಲೆ, ನನ್ನ ಕಿವಿಯ ಬುಡದಲ್ಲೇ, ಬಂಡೆ ತಣ್ಣಗೆ ಅಂದಿತು: "ಹೂಂ."

ನೀರು ಗಾಳಿಯನ್ನು ಹೊರಗೆ ದಬ್ಬುತ್ತದೆ, ಸರಿ. ಒಳಗೆ ಎಳೆದುಕೊಳ್ಳುವವರು ಯಾರು? ಇದನ್ನು ನಾನು ಜ್ಯೋತಿಗೆ ಕೇಳಲಿಲ್ಲ. ಬತ್ತೀಸೇ ಎಂದು ನಿಶ್ಚಯಿಸಿ ಲೈಸೆನ್ಸಿಗೆ ಅರ್ಜಿ ಹಾಕಿದೆ. ಬರೆದು ಕೊಡುವವರ ಹತ್ತಿರ ಹೋಗಿ ಎಂದ ಮಗ. ನಾನೇಕೆ ಹೋಗಲಿ? ಸ್ವಹಸ್ತದಿಂದಲೇ ತುಂಬಿದೆ. "ಯಾರಿಂದ ಜೀವಭಯ?" ಎಂಬಲ್ಲಿ ಸುಳ್ಳು ಬರೆಯಲು ಮನಸ್ಸು ಒಪ್ಪಲಿಲ್ಲ. "ನಮ್ಮ ಅಂಗಳದ ಹಗೇವಿನೊಳಗಿನವನಿಂದ" ಎಂದು ದುಂಡಗೆ ಬರೆದೆ.

ಆ ಅಕ್ಷರಕ್ಕೇ ಇರಬೇಕು, ಅರ್ಜಿ ಕುದುರೆಯಂತೆ ಓಡಿತು. ಅಮಾವಾಸ್ಯೆಯ ಹಿಂದಿನ ದಿನವೇ ಪೊಲೀಸಪ್ಪನೊಬ್ಬ ವಿಚಾರಣೆಗೆ ಬಂದ. ಗದ್ದೆಮ್ಮ ಆಗಲೇ ಚೀಲ ತುಂಬಿ ಬಾಗಿಲಿಗೆ ಇಟ್ಟಿದ್ದಳು.

"ಯಮ್ಮಾ, ನಿಮ್ಮ ಯಜಮಾನ್ರಿಗೆ ಯಾರರ ಅಂಜಸಾಕತ್ತಾರೇನು?"

"ಇವರ ಹೋಗಿ ಅವರ್ನ ಅಂಜಸಾಕತ್ತಾರ್ರೀ. ದಿನಾ ಬಂಡಿ ಮ್ಯಾಲ ಮಕ್ಕೊಂಡು ಗೇಣು ಹಾಕ್ತಾರ."

"ಅವರು ಅಂದ್ರ?"

"ಹೂಂ," ಎಂದಿತು ಹಗೇವು.

ಪೊಲೀಸಪ್ಪ ಪುಸ್ತಕ ಮುಚ್ಚಿ, ಗಾಡಿಯ ಹತ್ತಿರ ಸರಿದು, ಅಲ್ಲಿಂದಲೇ ಕೂಗಿದ: "ಅಂಜಸಾವನ ಹೆಸರು, ಅಡ್ರೆಸ್ ಬರೀರಿ ಯಜಮಾನ್ರ. ಹೆಸರಿಲ್ಲದ ಮುಂದ ಹೋಗಂಗಿಲ್ಲ!" ಅವನ ಗಾಡಿ ಊರು ದಾಟಿದ ಮೇಲೂ ಧೂಳು ನಿಂತೇ ಇತ್ತು.

"ಕೇಳಿದ್ರಾತು ಬಿಡ್ರಿ," ಎಂದು ಗದ್ದೆಮ್ಮ ಸೆರಗು ಹೊದ್ದು ಬಂಡೆಯ ಬಳಿ ಕುಳಿತಳು. "ಯಾರದೀರಿ ಅಂತ ಸಾಹೇಬ್ರು ಕೇಳ್ಯಾರ."

"ಹೂಂ."

"ಈ ಮನಿಗೆ ಬಂದು ನಲವತ್ತೆಂಟು ವರ್ಷ ಆತು ನೋಡ್ರಿ."

"ಹೂಂ."

ಅವಳ ಮುಖ ಬದಲಾಯಿತು. "ಈ ಮನ್ಯಾಗ ನನ್ನ ಮಾತು ಪೂರಾ ಕೇಳಿ ಹೂಂ ಅಂದಾವ್ರು ಇವರೊಬ್ರ," ಎಂದು, ನನ್ನ ಕಡೆ ತಿರುಗದೆ, ನಲವತ್ತೆಂಟು ವರ್ಷದ ನನ್ನ ಚರಿತ್ರೆಯನ್ನು ಬಂಡೆಗೆ ಹೇಳತೊಡಗಿದಳು. ನಡುವೆ ಒಮ್ಮೆ ತಲೆ ಎತ್ತಿ, "ಮಾವಾರು ಕೇಳಾಕತ್ತಾರ. ಅಪ್ಪಗ ಹೊಡ್ಯಾಕ ಸಣ್ಣ ಗುಂಡೋ ದೊಡ್ಡ ಗುಂಡೋ ಅಂತ ಹುಡುಕಾವ ನನ್ನ ಮಗನೇನ, ಅಂತ," ಎಂದಳು.

"ಅದು ಬರೇ ಹೂಂ ಅಂದೈತಿ!"

"ನಿಮಗ ಅಷ್ಟ ಕೇಳಸ್ತೈತಿ."

ನಾನು ಬಾಗಿಲಲ್ಲಿದ್ದ ಚೀಲ ಎತ್ತಿಕೊಂಡು ಬಸ್ ಹತ್ತಿದೆ. ಮುದಗಲ್ಲಿನಲ್ಲಿ ನಾದಿನಿ ಪಂಪಾವತಿ ಚೀಲ ಬಿಚ್ಚಿದರೆ ಒಳಗೆ ನಾಲ್ಕು ಸೀರೆ, ಒಂದು ಬಾಚಣಿಗೆ. ಇಲ್ಲೀಗ ಅವಳ ಗಂಡನ ಲುಂಗಿಯಲ್ಲಿದ್ದೇನೆ.

ಕಾಲುವೆ ನೀರು ನಿಂತು ಒಂಬತ್ತು ದಿನವಾಯಿತೆಂದು ತಿಳಿದು ನಿನ್ನೆ ಮಧ್ಯಾಹ್ನ ಮನೆಗೆ ಫೋನ್ ಮಾಡಿದೆ.

"ಸಪ್ಪಳ ನಿಂತಿರಬೇಕಲ್ಲ?"

"ನಿಂತು ನಾಕ್ ದಿನ ಆತು," ಎಂದಳು ಗದ್ದೆಮ್ಮ.

ಎದೆಯ ಮೇಲಿನ ಬಂಡೆ ಸರಿದಂತಾಯಿತು. "ಮೊದ್ಲ ಹೇಳಬಾರದೇನ? ಸಂಜಿ ಬಸ್ಸಿಗೆ ಬರ್ತೀನಿ."

"ಸಪ್ಪಳ ನಿಂತೈತಿ. ಈಗ ಮಾತಾಡ್ತಾರ," ಎಂದಳು. ಆಮೇಲೆ ಫೋನಿನಿಂದ ಬಾಯಿ ದೂರ ಮಾಡಿ, ಮೆತ್ತಗೆ: "ಏನಂದ್ರಿ?... ಹೌದ್ರಿ, ಅವರ... ಆತ್ರಿ, ಹೇಳ್ತೀನಿ."

ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

"ಮಾವಾರು ಹೇಳ್ಯಾರ," ಎಂದಳು ಗದ್ದೆಮ್ಮ, "ಇನ್ನಾ ನಾಕ್ ದಿನ ನೀವು ಅಲ್ಲೇ ಇರಬೇಕಂತ. ಮಗಾ ಬಾಳ ಮಾತಾಡ್ತಾನಂತ."