ಬಟಾಟೆ ಇಲ್ಲದ ಭಾನುವಾರ

ಎದುರಿಗೆ ನಿಂತು ಸುಳ್ಳು ಹೇಳಬೇಕಾದರೆ ನನ್ನ ನಾಲಿಗೆ ತೊಡರುತ್ತದೆ. ಅರ್ಜಿ ತುಂಬುವಾಗ ಮಾತ್ರ ಪೆನ್ನು ಧಾರಾಳಿ. ಅಂಥದೊಂದು ಅರ್ಜಿಯಲ್ಲಿ ‘ವಿಶೇಷ ಖಾದ್ಯ’ ಎಂಬಲ್ಲಿ ಸಾಂಬಾರು ಎಂದೂ, ‘ವೈಶಿಷ್ಟ್ಯ’ ಎಂಬಲ್ಲಿ ‘ಅಪ್ಪನ ಕಾಲದಿಂದ ಎಳ್ಳಷ್ಟೂ ಬದಲಾಗದ ಉಡುಪಿ ರುಚಿ’ ಎಂದೂ ಬರೆದು ಸಹಿ ಹಾಕಿದೆ. ಮುಂದಿನ ಅನಾಹುತಕ್ಕೆಲ್ಲ ಆ ಸಹಿಯೇ ಮೂಲ.

ಬಂಗಾಳಿಗಳ ಈ ಮಹಾನಗರದಲ್ಲಿ, ಗರಿಯಾಹಾಟ್ ಪೇಟೆಯ ಸೀರೆ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ ಅಪ್ಪ ತೆರೆದ ಹೋಟೆಲನ್ನು ಈಗ ನಾನು ನಡೆಸುತ್ತಿದ್ದೇನೆ. ಅರ್ಜಿ ತಂದವಳು ಮಿತಾಲಿ ಎಂಬ ಹುಡುಗಿ. ಭಾನುವಾರಗಳಂದು ಜನರನ್ನು ಗುಂಪು ಕಟ್ಟಿಕೊಂಡು ಅಂಗಡಿಯಿಂದ ಅಂಗಡಿಗೆ ನಡೆಸಿ ತಿನ್ನಿಸುವುದು ಅವಳ ಉದ್ಯೋಗ. ಇದಕ್ಕೆ ಫುಡ್ ಟ್ರೇಲ್ ಎಂದು ಹೆಸರು. ಹಸಿದವನು ತಟ್ಟೆ ಖಾಲಿ ಮಾಡಿದರೆ ಅದು ಊಟ. ಹಸಿವಿಲ್ಲದವನು ಫೋಟೋ ತೆಗೆದು ಎರಡು ಚಮಚ ತಿಂದರೆ ಪರಂಪರೆ. ಕೊನೆಗೆ ಎಲ್ಲರನ್ನೂ ಬಸ್ಸಿಗೆ ಹತ್ತಿಸಿ ನ್ಯೂ ಟೌನಿನ ತಿನಿಸುಗಳ ಮ್ಯೂಸಿಯಮ್ಮಿಗೆ ಒಯ್ಯುತ್ತಾಳೆ. “ನಮ್ಮ ಗುಂಪು ಮೆಚ್ಚಿದರೆ ಅಲ್ಲಿ ನಿಮ್ಮ ಅಪ್ಪನ ಫೋಟೋ ಹಾಕುತ್ತಾರೆ, ದಾದಾ” ಎಂದಳು. ಅಪ್ಪ ತೀರಿಕೊಂಡ ಮೇಲೂ ಗಲ್ಲಾದ ಮೇಲೆ ನೇತಾಡುತ್ತ ಒಗ್ಗರಣೆಯ ಹೊಗೆ ಕುಡಿಯುತ್ತಿದ್ದರು. ಅವರಿಗೊಂದು ಒಳ್ಳೆಯ ಗೋಡೆ ಸಿಗಲಿ ಎಂಬುದೇ ನನ್ನ ಆಸೆ.

“ಬದಲಾಗದ ರುಚಿಯಾ? ಹಾಗಾದ್ರೆ ಆ ಬಟಾಟೆ ಎಂತ ಮಾರಾಯ್ರೆ?” ಎಂದಳು ಹೆಂಡತಿ ಸುಮತಿ.

ಬಿರಿಯಾನಿಗೂ ಬಟಾಟೆ ಹಾಕುವ ಊರು ಇದು. ಹೋಟೆಲು ತೆರೆದ ಹೊಸದರಲ್ಲಿ ಗಿರಾಕಿಗಳು ಸಾಂಬಾರನ್ನು ತಳದವರೆಗೆ ಕಲಕಿ, “ಆಲು ಕೋಥಾಯ್?”, ಬಟಾಟೆ ಎಲ್ಲಿ ಎಂದು, ಮನೆಯಲ್ಲಿ ಕಳವಾದವರ ಮುಖ ಹೊತ್ತು ಕೇಳುತ್ತಿದ್ದರಂತೆ. ಅಪ್ಪ ಕೆಲವು ತಿಂಗಳು ಧರ್ಮಯುದ್ಧ ಮಾಡಿ, ಕೊನೆಗೆ ಒಂದು ಬಟಾಟೆ ಹೆಚ್ಚಿ ಹಾಕಿದರು. ಅದರ ಬೆನ್ನಿಗೇ ಉಡುಪಿಯ ಚಿಟಿಕೆ ಬೆಲ್ಲವೂ ಬೆಳೆಯಿತು. ಮೊದಲು ಚೂರು, ಆಮೇಲೆ ಅಚ್ಚು.

“ಭಾನುವಾರ ಬಟಾಟೆಗೂ ಅಚ್ಚುಬೆಲ್ಲಕ್ಕೂ ರಜೆ” ಎಂದು ನಾನು ಘೋಷಿಸಿದೆ. ಕೊತ್ತಂಬರಿ ಹುರಿದು, ತೆಂಗಿನಕಾಯಿ ಅರೆದು, ಇಂಗು ಹಾಕಿ ಶುದ್ಧ ಸಾಂಬಾರು ಕುದಿಸಿದೆ. ಮಟ್ಟುಗುಳ್ಳ ಸಿಗದೆ ಗರಿಯಾಹಾಟಿನ ಬದನೆಗೇ ಉಡುಪಿಯ ಪೌರತ್ವ ಕೊಟ್ಟೆ.

ಹನ್ನೆರಡು ಜನ ಬಂದರು. ಫೋಟೋ ತೆಗೆದರು, ಸವಿದರು, ಚಮಚ ಕೆಳಗಿಟ್ಟರು. ಒಬ್ಬರು “ಇಂಟರೆಸ್ಟಿಂಗ್” ಎಂದರು. ಅಡುಗೆಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಅಷ್ಟರಲ್ಲಿ ಕಿಟಕಿ ಪಕ್ಕದಿಂದ ಸೇನ್‌ಬಾಬು ಎದ್ದರು. ಅಪ್ಪನ ಕಾಲದಿಂದ ಪ್ರತಿ ಭಾನುವಾರ ಬರುವ ಮುದುಕರು.

“ಆಲು ಕೋಥಾಯ್? ನಿಮ್ಮಪ್ಪನ ಕೈರುಚಿಯನ್ನೇ ಕೊಂದೆಯಲ್ಲೋ! ಅದೂ ಅವರ ಫೋಟೋದ ಎದುರಿಗೆ!”

ಹನ್ನೆರಡು ಮೊಬೈಲುಗಳು ಸಾಂಬಾರನ್ನು ಬಿಟ್ಟು ನನ್ನ ಕಡೆ ತಿರುಗಿದವು. ಆಗ ಸುಮತಿ ಒಳಗಿನಿಂದ ಒಂದು ಪಾತ್ರೆ ತಂದು ಮೇಜಿನ ಮೇಲಿಟ್ಟಳು. “ಈ ಅಜ್ಜನಿಗೆ ಅಂತ ಬೇರೆ ಮಾಡಿಟ್ಟಿದ್ದೆ. ನಿಮ್ಮ ಶುದ್ಧ ನೀವೇ ಇಟ್ಕೊಳ್ಳಿ.” ಬಟಾಟೆ, ಅಚ್ಚುಬೆಲ್ಲ ಎರಡೂ ಹಾಜರು. ಸೇನ್‌ಬಾಬುವಿಗೆ ಎರಡು ತುಂಡು ಉಳಿದದ್ದೇ ಹೆಚ್ಚು. ಗುಂಪು ಪಾತ್ರೆಯನ್ನು ತೊಳೆಯುವ ಅಗತ್ಯವೇ ಇಲ್ಲದಂತೆ ಬಳಿದು ಮುಗಿಸಿತು. ಮಿತಾಲಿ ಅರ್ಜಿಯಲ್ಲಿ ‘ಉಡುಪಿ’ ಹೊಡೆದು ಹಾಕಿ ‘ಗರಿಯಾಹಾಟ್’ ಎಂದು ತಿದ್ದಿದಳು. ಈಗ ನ್ಯೂ ಟೌನಿನಲ್ಲಿ ಅಪ್ಪ ತಣ್ಣಗಿನ ಎ.ಸಿ.ಯಲ್ಲಿದ್ದಾರೆ. ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿ ಜೇಡಿಮಣ್ಣಿನ ಒಂದು ಬಟಾಟೆ.

ಆ ಅರ್ಜಿಯಲ್ಲಿ ಬರೆಯದ ಒಂದು ಸಂಗತಿ ಉಳಿದಿದೆ. ಆ ಮಧ್ಯಾಹ್ನ ಗುಂಪು ಹೊರಟ ಮೇಲೆ, ಯಾರಿಗೂ ಬೇಡವಾದ ನನ್ನ ಶುದ್ಧ ಸಾಂಬಾರನ್ನು ಬಡಿಸಿಕೊಂಡು, ಸತ್ಯಕ್ಕಾಗಿ ಒಂಟಿಯಾಗಿ ನಿಂತವನ ಠೀವಿಯಿಂದ ಊಟಕ್ಕೆ ಕೂತೆ.

“ಎಂತ ಹುಡುಕುದು ನೀವು?” ಎಂದಳು ಸುಮತಿ.

“ಏನಿಲ್ಲ” ಎಂದೆ. ಎದುರಿಗೆ ನಿಂತವರಿಗೆ ಸುಳ್ಳು ಹೇಳಿದರೆ ನನ್ನ ನಾಲಿಗೆ ತೊಡರುತ್ತದೆ ಎಂದೆನಲ್ಲ, ಅಂದೂ ತೊಡರಿತು. ಚಮಚ ಮಾತ್ರ ಬಟ್ಟಲಿನ ತಳದಲ್ಲಿ ಇನ್ನೂ ತಡಕಾಡುತ್ತಲೇ ಇತ್ತು.