ದೊರೆಗೆ ಹುಬ್ಬಿಲ್ಲದ ಪ್ರಕರಣ

ಹತ್ತಿರ ಬಂದು ಕೂತುಕೊಳ್ಳಿ. ಗೋಡೆಗೆ ಒರಗುವವರು ಒರಗಿ, ಆಕಳಿಸುವವರು ಈಗಲೇ ಆಕಳಿಸಿ ಮುಗಿಸಿ. ನಡುವೆ ಬಾಯಿ ಹಾಕಿದರೆ ಎಳೆ ತಪ್ಪುತ್ತದೆ. ಒಂದು ಕತ್ತೆಗೆ ಹುಬ್ಬಿಲ್ಲದಿರುವುದು ದೋಷವೆಂದು ಸಾಬೀತಾಗಿ, ಆ ಬಗ್ಗೆ ಹದಿನೇಳು ಪುಟದ ಕಡತ ತಯಾರಾಗಿ, ಪ್ರತಿ ಪುಟಕ್ಕೂ ಮೊಹರು ಬಿತ್ತು. ಅದರಲ್ಲಿ ಸಂಶಯಪಡುವಂಥದ್ದು ಏನೂ ಇಲ್ಲ.

ಕತ್ತೆಯ ಹೆಸರು ದೊರೆ. ಸಾಕಿದವಳು ಒಬ್ಬ ಕುಂಬಾರಗಿತ್ತಿ. ಕೆರೆಯಂಗಳದಿಂದ ಮಣ್ಣು ಹೊತ್ತು ತರುವುದು ದೊರೆಯ ಕೆಲಸ, ಅದನ್ನು ತುಳಿದು ಹದಮಾಡಿ ಮಡಕೆ ಮಾಡುವುದು ಅವಳ ಕೆಲಸ, ಮಾಡಿದ್ದೆಲ್ಲ ಸೊಟ್ಟಗಿದೆ ಎನ್ನುವುದು ಅವಳ ಅತ್ತೆಯ ಕೆಲಸ. ಮೂವರೂ ಒಂದು ದಿನವೂ ಕೆಲಸ ತಪ್ಪಿಸಿದವರಲ್ಲ.

ಹೀಗಿರುವಾಗ ಒಂದು ಸಿನಿಮಾ ಕಂಪನಿಯವರು ಪ್ರಕಟಣೆ ಹೊರಡಿಸಿದರು: “ಹಳೆಯ ಕತ್ತೆ ಕಾರ್ಟೂನು ನೋಡಿ ಮೂರು ತಲೆಮಾರಿನ ಮಕ್ಕಳು ನಕ್ಕಿರುತ್ತಾರೆ, ಅತ್ತಿರುತ್ತಾರೆ. ಆದರೆ ಅದು ಕೈಯಲ್ಲಿ ಬರೆದ ಕತ್ತೆಯಾದ್ದರಿಂದ ಸದರಿ ನಗು ಮತ್ತು ಅಳು ಪೂರ್ಣವೆನಿಸುವುದಿಲ್ಲ. ಆದಕಾರಣ ಅದೇ ಕಥೆಯನ್ನು ನಿಜವಾದ ಕತ್ತೆಯಿಂದ ಮಾಡಿಸಿ, ಕುಟುಂಬ ಸಮೇತ ಮತ್ತೊಮ್ಮೆ ಅಳಲು ಅವಕಾಶ ಕಲ್ಪಿಸಲಾಗಿದೆ.”

ಕತ್ತೆ ಹುಡುಕುತ್ತ ಬಂದ ನಿರ್ದೇಶಕರು ಬೀದಿಯಲ್ಲಿ ದೊರೆಯನ್ನು ಕಂಡು ನಿಂತುಬಿಟ್ಟರು.

“ಅಬ್ಬಾ, ಆ ಕಣ್ಣಲ್ಲಿ ಎಂಥ ದುಃಖ!”

“ದುಃಖ ಅಲ್ಲ ಸ್ವಾಮಿ, ಅದಕ್ಕೆ ಹುಲ್ಲು ಹಾಕೋ ಹೊತ್ತು,” ಎಂದಳು ಕುಂಬಾರಗಿತ್ತಿ.

ನಲವತ್ತು ದಿನಕ್ಕೆ ಕಳಿಸಿಕೊಡು ಎಂದರು. ಅವಳಿಗೆ ಮನಸ್ಸಿರಲಿಲ್ಲ. ಅತ್ತೆ ಒಳಗಿನಿಂದಲೇ, “ಕಳಿಸೇ, ಈ ಮನೇಲಿ ಒಬ್ಬರಾದರೂ ಹೆಸರು ಮಾಡಲಿ,” ಎಂದಳು. ಕರಾರುಪತ್ರದ ಕೊನೆಯಲ್ಲಿ ಹೀಗಿತ್ತು: “ಕೆಲಸ ಮುಗಿದ ಮೇಲೆ, ಕಡತದಲ್ಲಿರುವ ಭಾವಚಿತ್ರಕ್ಕೆ ತಾಳೆಯಾಗುವ ಪ್ರಾಣಿಯನ್ನು ಮಾಲೀಕರಿಗೆ ಹಿಂತಿರುಗಿಸತಕ್ಕದ್ದು.” ಓದಿ ಹೇಳಿದರು, ಸರಿಯಾಗಿಯೇ ಇದೆ ಅನ್ನಿಸಿತು. ಹೆಬ್ಬೆಟ್ಟು ಒತ್ತಿದಳು.

ಕಂಪನಿಯಲ್ಲಿ ಹೋಲಿಕೆ ಅಧಿಕಾರಿ ಎಂಬುವರು ಇದ್ದರು. ಹಳೆಯ ಕಾರ್ಟೂನಿಗೆ ಹೊಸ ಪ್ರಾಣಿ ಎಷ್ಟು ಹೋಲುತ್ತದೆ ಎಂದು ಅಳೆಯುವುದು ಅವರ ಹುದ್ದೆ. ಮೊದಲ ದಿನವೇ ದೊರೆಯನ್ನು ಸುತ್ತು ಹಾಕಿ ನೋಡಿ ಅವರ ಮುಖ ಸಣ್ಣಗಾಯಿತು. ಕಾರ್ಟೂನಿನ ಕತ್ತೆ ಹುಬ್ಬು ಹಾರಿಸುತ್ತದೆ, ಇದಕ್ಕೆ ಹುಬ್ಬೇ ಇಲ್ಲ! ತಕ್ಷಣ ದೊರೆಯ ಹೆಸರಿಗೆ ನೋಟೀಸು ಹೋಯಿತು: “ತಮಗೆ ಹುಬ್ಬು ಏಕಿಲ್ಲವೆಂಬುದಕ್ಕೆ ಮೂರು ದಿನದೊಳಗೆ ಸಮಜಾಯಿಷಿ ನೀಡುವುದು.” ದೊರೆ ಅದನ್ನು ತಿಂದ. ತಿಂದದ್ದನ್ನು ‘ಸ್ವೀಕರಿಸಲಾಗಿದೆ’ ಎಂದು ದಾಖಲಿಸಿಕೊಂಡರು.

ಸಮಜಾಯಿಷಿ ಬಾರದ ಕಾರಣ ಕಂಪ್ಯೂಟರಿನಲ್ಲಿ ಹುಬ್ಬು ಕೂಡಿಸಲಾಯಿತು. ಹುಬ್ಬು ಬಂದ ಮೇಲೆ ಕಣ್ಣು ಚಿಕ್ಕದೆನಿಸಿತು, ದೊಡ್ಡದು ಮಾಡಿದರು. ಕಣ್ಣಿಗೆ ಕಿವಿ ಹೊಂದಲಿಲ್ಲ, ಕಿವಿ ತೆಗೆದರು. ನಗುವಿಗೆ ಹಲ್ಲು ಬೇರೆ, ನಡಿಗೆಗೆ ಕಾಲು ಬೇರೆ. ಕೊನೆಗೆ ಪರದೆಯ ಮೇಲೆ ದೊರೆಯದಾಗಿ ಉಳಿದದ್ದು ಬಾಲವೊಂದೇ. ಅದು ನೊಣ ಓಡಿಸುತ್ತಿತ್ತು. ಕಾರ್ಟೂನಿನಲ್ಲಿ ನೊಣ ಇಲ್ಲ. ಬಾಲವನ್ನೂ ತೆಗೆದರು. ಆಮೇಲೆ ಒಂದು ಕಡತದಲ್ಲಿ ಎರಡು ಮುಖ ಇರಬಾರದೆಂಬ ನಿಯಮದಂತೆ ದೊರೆಯ ಹಳೆಯ ಫೋಟೋ ಕಿತ್ತು, ಕಂಪ್ಯೂಟರಿನ ಕತ್ತೆಯ ಫೋಟೋ ಅಂಟಿಸಿದರು. ಗೋಡೆಗೋಡೆಗೂ ಜಾಹೀರಾತು ಬಿತ್ತು: “ನೂರಕ್ಕೆ ನೂರು ನಿಜವಾದ ಕತ್ತೆ!”

ಇತ್ತ ನಲವತ್ತು ದಿನ ಹೋಗಿ ಅರವತ್ತಾಯಿತು. ಕುಂಬಾರಗಿತ್ತಿ ಮಣ್ಣನ್ನು ತಲೆಯ ಮೇಲೆ ಹೊತ್ತಳು. ಮೊಣಕಾಲು ಊದಿ ಕುಂಬಳಕಾಯಿಯಾಯಿತು. ಸುಡುವ ಗೂಡಾದ ಆವಿಗೆ ತುಂಬುವಷ್ಟು ಮಡಕೆಯಾಗದೆ ಒಂದು ಸಲವೂ ಬೆಂಕಿ ಹಚ್ಚಲಾಗಲಿಲ್ಲ. ಸಂಜೆಯಾದರೆ ಸಾಕು, ಅವಳ ಕಣ್ಣು ಬೀದಿಯ ತಿರುವಿಗೇ ನೆಟ್ಟಿರುತ್ತಿತ್ತು.

“ನನ್ನ ಮಗ ಮನೆ ಬಿಟ್ಟು ಹೋದಾಗ ನೀನು ಇಷ್ಟು ದಾರಿ ನೋಡಲಿಲ್ಲ ಕಣೇ,” ಎಂದಳು ಅತ್ತೆ.

“ದೊರೆ ಹೊತ್ತು ಹೊತ್ತಿಗೆ ಸರಿಯಾಗಿ ಮನೆಗೆ ಬರ್ತಿದ್ದ ಅತ್ತೆ.”

ಅತ್ತೆ ಎದ್ದು ಕತ್ತೆಯ ಹಗ್ಗ ತಂದು ಅವಳ ಕೈಗಿಟ್ಟಳು. ಆಮೇಲೆ, “ಹೋಗಿ ಕರಕೊಂಡು ಬಾ ಮತ್ತೆ,” ಎಂದಳು.

ಹೋದಳು. ಕಂಪನಿಯ ಅಂಗಳದಲ್ಲಿ ದೊರೆ ಕಟ್ಟಿಹಾಕಿದಲ್ಲೇ ನಿಂತಿದ್ದ. ಅವಳನ್ನು ಕಂಡದ್ದೇ ತಡ, ಕಿಟಕಿಯ ಗಾಜು ನಡುಗುವಂತೆ ಅರಚಿ, ಹಗ್ಗ ಜಗ್ಗಿ ಅವಳ ಹೆಗಲಿಗೆ ಮೂತಿ ಒತ್ತಿದ. ಹೋಲಿಕೆ ಅಧಿಕಾರಿ ಕಡತದೊಡನೆ ಹೊರಬಂದರು. ಫೋಟೋ ನೋಡಿದರು, ದೊರೆಯನ್ನು ನೋಡಿದರು.

“ನೋಡಮ್ಮ, ಇದು ನಿನ್ನ ಕತ್ತೆಯಲ್ಲ.”

“ಅಯ್ಯೋ, ಹಾಲು ಕುಡಿಸಿ ಬೆಳೆಸಿದ್ದು ನಾನು! ಎದೆಗೆ ಬಿದ್ದು ಅಳ್ತಾ ಇದೆ, ಕಾಣಿಸ್ತಿಲ್ವಾ?”

“ಅಳಬಹುದು. ನಿಯಮದಲ್ಲಿ ಹುಬ್ಬು ಕೇಳಿದ್ದಾರೆ. ಹೋಗಲಿ, ಒಂದು ಸಲ ನಗಿಸು, ನೋಡೋಣ.”

ಅವಳು ಕಂಕುಳಲ್ಲಿ ಕಚಗುಳಿಯಿಟ್ಟಳು. ದೊರೆ ಸೀನಿದ. ಸೀನಿದ್ದು ಅಧಿಕಾರಿಯ ಕನ್ನಡಕಕ್ಕೇ ಬಿತ್ತು. “ತಾಳೆಯಾಗುವುದಿಲ್ಲ” ಎಂದು ಬರೆದು, ಕನ್ನಡಕ ಒರೆಸಿಕೊಂಡರು.

“ಹಾಗಾದರೆ ನನ್ನ ಕತ್ತೆ ಎಲ್ಲಿ?”

“ನಾವು ಮಾತಿಗೆ ತಪ್ಪುವವರಲ್ಲ,” ಎಂದು ಜೇಬಿನಿಂದ ಬೆರಳುದ್ದದ ಪೆನ್ ಡ್ರೈವ್ ತೆಗೆದರು. “ಫೋಟೋದಲ್ಲಿರುವ ಕತ್ತೆ ಇದರೊಳಗಿದೆ. ಹುಬ್ಬು ಸಮೇತ. ಹುಲ್ಲು, ನೀರು ಏನೂ ಬೇಡ.”

“ಮಣ್ಣು ಹೊರುತ್ತಾ?”

“ಸಿನಿಮಾದ ಎರಡನೇ ಭಾಗದಲ್ಲಿ ಹೊರುತ್ತದೆ.”

ಕುಂಬಾರಗಿತ್ತಿ ಅದನ್ನು ಅಂಗೈಯಲ್ಲಿ ತಿರುಗಿಸಿ ನೋಡಿದಳು. ಮೂರು ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಕತ್ತೆ ಮುಟ್ಟಿದೆ ಎಂದು ಒಪ್ಪಿಕೊಂಡಳು. ಬಾಗಿಲ ತನಕ ಹೋದವಳು ಮೆಲ್ಲಗೆ ತಿರುಗಿ ನಿಂತಳು.

“ಒಂದು ಮಾತು ಸ್ವಾಮಿ. ನನ್ನ ಕತ್ತೆ ನನ್ನ ಕೈಲಿದೆ. ಹಾಗಾದರೆ ನಿಮ್ಮ ಅಂಗಳದಲ್ಲಿ ನಿಂತಿರೋದು ಯಾರ ಕತ್ತೆ?”

ಅಧಿಕಾರಿ ನಿಯಮ ಪುಸ್ತಕ ತಿರುವಿದರು. “ವಾರಸುದಾರರಿಲ್ಲದ ಪ್ರಾಣಿ ಆವರಣದಲ್ಲಿ ಕಂಡುಬಂದಲ್ಲಿ, ಅದನ್ನು ಮೊದಲು ಕಂಡ ಅಧಿಕಾರಿಯೇ ಅದರ ಹೊಣೆ ಹೊತ್ತು, ಮನೆಯಲ್ಲಿಟ್ಟು ಸಾಕತಕ್ಕದ್ದು” ಎಂದಿತ್ತು. ಅವರ ಮನೆ ಇದ್ದದ್ದು ನಾಲ್ಕನೇ ಮಹಡಿಯಲ್ಲಿ.

“ಯಾರಲ್ಲಿ! ಇದನ್ನು ಹೊರಗೆ ಹಾಕಿ!”

ಕಾವಲುಗಾರ ಎಳೆದ, ಕ್ಯಾಮೆರಾದವನು ತಳ್ಳಿದ, ನಿರ್ದೇಶಕರು ಕೈ ಮುಗಿದು ಬೇಡಿಕೊಂಡರು. ದೊರೆ ನೆಲಕ್ಕೆ ಬೇರು ಬಿಟ್ಟವನಂತೆ ನಿಂತ.

“ಅಮ್ಮಾ ತಾಯೀ, ನೀನೇ ಕರಕೊಂಡು ಹೋಗಿಬಿಡು,” ಎಂದರು ಅಧಿಕಾರಿ.

“ನನಗ್ಯಾಕೆ ಸ್ವಾಮಿ ಕಂಡವರ ಕತ್ತೆ ಉಸಾಬರಿ? ನಾಳೆ ನೀವೇ ಕಳ್ಳಿ ಅಂತೀರಿ.”

“ಇಲ್ಲಮ್ಮ, ಬರೆದುಕೊಡ್ತೀನಿ.”

“ಮೊಣಕಾಲು ಬೇರೆ ನೋವು. ನಡೆಯೋಕಾಗಲ್ಲ.”

“ಲಾರಿ ಕೊಡ್ತೀನಿ!”

ಬರೆಯುವ ಮೊದಲು ಸಾಕ್ಷಿಗಳ ಎದುರು ಅವಳು ಮೂರು ಸಲ “ಇದು ನನ್ನ ಕತ್ತೆಯಲ್ಲ” ಎಂದು ಹೇಳಬೇಕಿತ್ತು. ಎರಡು ಸಲ ಹೇಳಿದಳು. ಮೂರನೆಯದಕ್ಕೆ ದೊರೆಯ ಕಿವಿಗಳೆರಡನ್ನೂ ಗಟ್ಟಿಯಾಗಿ ಮುಚ್ಚಿ ಹಿಡಿದು ಹೇಳಿದಳು. ಬಿಡಾಡಿ ಕತ್ತೆಗೆ ಆಶ್ರಯ ಕೊಟ್ಟ ಪುಣ್ಯಾತ್ಮಳೆಂದು ಅವಳಿಗೊಂದು ಪ್ರಶಂಸಾಪತ್ರ ಕೊಟ್ಟು, ಲಾರಿ ಹತ್ತಿಸಿದರು.

ಇನ್ನು ಯಾರ್‍ಯಾರು ಏನಾದರು ಕೇಳಿ. ಸಿನಿಮಾ ಭರ್ಜರಿ ಓಡಿತು. ಅತ್ಯಂತ ಸಹಜ ನಟನೆಯ ಪ್ರಶಸ್ತಿ ಕಂಪ್ಯೂಟರಿನ ಕತ್ತೆಗೆ ಬಂತು, ಅದರ ಪರವಾಗಿ ನಿರ್ದೇಶಕರು ಹಾರ ಹಾಕಿಸಿಕೊಂಡರು. ಈಗ ಅವರು ಇರುವೆಯ ಕಾರ್ಟೂನು ಹಿಡಿದಿದ್ದಾರೆ. ಭೂತಗನ್ನಡಿ ಕೈಯಲ್ಲಿ, ಮುಖದಲ್ಲಿ ದುಃಖವಿರುವ ಇರುವೆಗಾಗಿ ಹುಡುಕಾಟ ನಡೆದಿದೆ. ಹೋಲಿಕೆ ಅಧಿಕಾರಿಗೆ ಬಡ್ತಿಯಾಯಿತು. ಹೊಸ ಗುರುತಿನ ಚೀಟಿಗೆ ಫೋಟೋ ಸ್ವಲ್ಪ ಚೆಂದ ಮಾಡಿಸಿಕೊಂಡರು, ಅಂದಿನಿಂದ ಕಾವಲುಗಾರ ಅವರನ್ನು ಒಳಗೆ ಬಿಟ್ಟಿಲ್ಲ. ನಿಯಮ ಸರಿಯಾಗಿದೆ ಎಂದು ಅವರೂ ಒಪ್ಪಿ, ಗೇಟಿನ ಬಳಿಯ ಬೆಂಚಿನ ಮೇಲೆ ಕೂತೇ ಕಡತ ನೋಡುತ್ತಾರೆ. ಅತ್ತೆ ಈಗಲೂ ಮಡಕೆ ಸೊಟ್ಟಗಿದೆ ಎನ್ನುತ್ತಾಳೆ. ಆದರೆ ಪ್ರಶಂಸಾಪತ್ರವನ್ನು ಗೋಡೆಗೆ ನೆಟ್ಟಗೆ ತೂಗುಹಾಕಿದವಳು ಅವಳೇ. ದೊರೆ ದಿನಕ್ಕೆ ನಾಲ್ಕು ಸಲ ಮಣ್ಣು ಹೊರುತ್ತಾನೆ, ಸಂಜೆ ಹೊತ್ತಿಗೆ ಮನೆ ಸೇರುತ್ತಾನೆ.

ಕುಂಬಾರಗಿತ್ತಿಯ ಅಂಗಳಕ್ಕೆ ಮಾತ್ರ ಸಿನಿಮಾ ನೋಡಿದ ಮಕ್ಕಳು ಬರುವುದು ನಿಂತಿಲ್ಲ. ದೊರೆಯ ಮುಂದೆ ನಿಂತು, “ಹುಬ್ಬು ಹಾರಿಸು, ಹುಬ್ಬು ಹಾರಿಸು” ಎಂದು ಕಾಯುತ್ತವೆ. ಕಾದು ಸಾಕಾಗಿ, “ಅಮ್ಮಾ, ಇದು ಡೂಪ್ಲಿಕೇಟು!” ಎನ್ನುತ್ತವೆ.

“ಹೂಂ ಮಕ್ಕಳೇ,” ಎನ್ನುತ್ತಾಳೆ ಅವಳು, ಮಣ್ಣು ತುಳಿಯುವುದನ್ನು ನಿಲ್ಲಿಸದೆ. “ಅಸಲಿಯವನು ಒಳಗೆ ಡಬ್ಬಿಯಲ್ಲಿ ಮಲಗಿದ್ದಾನೆ. ಗಲಾಟೆ ಮಾಡಬೇಡಿ.”